ಕಾಲುಚೀಲದ ನಡುವೆ ಬಂದಿಳಿದ ಹೊಸ ಆವೃತ್ತಿಗೆ

ನಮ್ಮ ಮನೆಯ ಹಳೆಯ ಕಂಪ್ಯೂಟರಿನ ಪರದೆಯ ಬಲಗಡೆ ಕೆಳಮೂಲೆಯಲ್ಲಿ ದಿನವೂ ದರ್ಶನ ಕೊಡುತ್ತಿದ್ದ, 'ಹೊಸ ಆವೃತ್ತಿ ಸಿದ್ಧವಾಗಿದೆ' ಎಂಬ ಸೂಚನೆಯವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವೂ ತಮ್ಮನ್ನು ಕಳಿಸಿದವರೂ ಸುಖವಾಗಿದ್ದೀರೆಂದು ನಂಬಿದ್ದೇನೆ. ತಮಗೆ ಮೈ ಎಂಬುದೇ ಇಲ್ಲ, ಹಾಗಾಗಿ ನೆಗಡಿ, ಬೆನ್ನುನೋವುಗಳ ಕಾಟವೂ ಇಲ್ಲ ಎಂದು ನನ್ನ ತಮ್ಮನ ಮಗಳು ಹೇಳುತ್ತಾಳೆ. ಆದರೂ ಕ್ಷೇಮಸಮಾಚಾರ ಕೇಳದೆ ನೇರವಾಗಿ ದೂರಿಗೆ ಇಳಿಯುವುದು ನನಗೆ ಅಭ್ಯಾಸವಿಲ್ಲ. ಅಕ್ಕತಂಗಿಯರಿಗೆ, ಚಿಕ್ಕಪ್ಪನ ಮಕ್ಕಳಿಗೆ, ಆ ಮಕ್ಕಳ ಮಕ್ಕಳಿಗೆ ಕಾಗದ ಬರೆದು ಬರೆದು ಪಳಗಿದ ಕೈ ಇದು. ಯಾರಿಗೆ ಬರೆದರೂ ಮೊದಲು ಮಂಡಿನೋವು ಹೇಗಿದೆ ಎಂದೇ ಕೇಳುತ್ತದೆ. ತಮಗೆ ಮಂಡಿ ಇಲ್ಲದಿರುವುದಕ್ಕೆ ನನ್ನ ಹೃತ್ಪೂರ್ವಕ ಅಭಿನಂದನೆಗಳು.

ತಮ್ಮ ನಿಷ್ಠೆಯನ್ನು ಹೊಗಳದೆ ಮುಂದಕ್ಕೆ ಹೋದರೆ ನಾನು ಕೃತಘ್ನಳಾಗುತ್ತೇನೆ. ಹಾಲಿನವನು ತಪ್ಪಿಸಿದ್ದುಂಟು, ಪೇಪರಿನವನು ತಪ್ಪಿಸಿದ್ದುಂಟು, ನಲ್ಲಿಯ ನೀರಂತೂ ತನಗೆ ಮನಸ್ಸು ಬಂದಾಗ ಬರುತ್ತದೆ. ತಾವು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ನಾನು ಕಂಪ್ಯೂಟರ್ ಹಚ್ಚಿ, ಅದು ನರಳಿ ನರಳಿ ಎದ್ದು ಕೂತು, ನಾನು ಕನ್ನಡಕ ಹುಡುಕಿ ಮೂಗಿಗೆ ಏರಿಸುವಷ್ಟರಲ್ಲಿ ತಾವು ಮೂಲೆಯಿಂದ ಮೆಲ್ಲಗೆ ಮೇಲೆದ್ದು, ಬಾಗಿಲು ತಟ್ಟದೆ, ಒಮ್ಮೆ ಕೆಮ್ಮದೆ, 'ನಿಮಗೊಂದು ಶುಭಸುದ್ದಿ' ಎಂದು ನಿಂತಿರುತ್ತಿದ್ದಿರಿ. ಉತ್ತರಕ್ಕೆಂದು ತಾವು ಇಟ್ಟಿದ್ದ ಗುಂಡಿಗಳು ಎರಡು, 'ಈಗಲೇ' ಮತ್ತು 'ಆಮೇಲೆ ನೆನಪಿಸಿ'. 'ಬೇಡ' ಎಂಬ ಗುಂಡಿ ಇಡಲು ತಮಗಿದ್ದ ಸಂಕೋಚ ನನಗೆ ಅರ್ಥವಾಗುತ್ತದೆ. ನಮ್ಮ ಮನೆಯಲ್ಲೂ ಯಾರ ಮುಖಕ್ಕೂ ಬೇಡ ಎನ್ನುವ ಪದ್ಧತಿಯಿಲ್ಲ, 'ನೋಡೋಣ' ಎನ್ನುತ್ತೇವೆ. ಆದರೆ ನಮ್ಮವರಿಗೆ ಎರಡು ಸಲ 'ನೋಡೋಣ' ಎಂದರೆ ಮೂರನೆಯ ಸಲ ಅವರು ಆ ಮಾತು ಎತ್ತುವುದಿಲ್ಲ. ತಮಗೆ ನಾನು ಒಂದು ವರ್ಷಕ್ಕೂ ಮೇಲ್ಪಟ್ಟು ದಿನವೂ 'ಆಮೇಲೆ' ಎಂದೆ, ತಾವು ದಿನವೂ ಅದನ್ನು ಅಕ್ಷರಶಃ ನಂಬಿದಿರಿ. ಇಷ್ಟು ಮುಗ್ಧರನ್ನು ಈ ಕಾಲದಲ್ಲಿ ನಾನು ಕಂಡಿಲ್ಲ.

ಈಗ ನಮ್ಮ ಮನೆಯ ಸ್ಥಿತಿಗತಿ. ತಾವು ಪರದೆಯ ಆ ಬದಿಯಿಂದ ನೋಡಿದವರು, ಈ ಬದಿಯಲ್ಲಿ ಏನಿತ್ತೆಂದು ತಮಗೆ ಕಾಣುತ್ತಿತ್ತೋ ಇಲ್ಲವೋ ಗೊತ್ತಿಲ್ಲ, ಅದಕ್ಕೇ ಹೇಳುತ್ತೇನೆ. ಅಡಿಗೆಮನೆಗೂ ಹಿತ್ತಿಲ ಬಾಗಿಲಿಗೂ ನಡುವೆ ಒಂದು ಸಣ್ಣ ಕೋಣೆ. ಅಲ್ಲಿ ಉದ್ದದ ಮೇಜು, ಮೇಜಿನ ಮೇಲೆ ನನ್ನ ಹೆಣಿಗೆ ಯಂತ್ರ, ಅದರ ಪಕ್ಕದಲ್ಲಿ ಈ ಕಂಪ್ಯೂಟರ್, ಎರಡರ ನಡುವೆ ಹೆಬ್ಬೆರಳು ದಪ್ಪದ ಒಂದು ಕೇಬಲ್ಲು. ಶಾಲೆಮಕ್ಕಳಿಗೆ ಸ್ವೆಟರ್ ಹೆಣೆದುಕೊಟ್ಟು ಸಂಸಾರ ತೂಗಿಸಿದ ಯಂತ್ರ ಅದು. ಯಂತ್ರದ ಸೂಜಿಗಳಲ್ಲಿ ಯಾವುದು ಏಳಬೇಕು, ಯಾವುದು ಕೂರಬೇಕು ಎಂದು ಹೇಳುವುದು ಕಂಪ್ಯೂಟರಿನಲ್ಲಿರುವ ಒಂದು ಹಳೆಯ ಪ್ರೋಗ್ರಾಂ. ಅದನ್ನು ಮಾಡಿದ ಕಂಪನಿ ಬಾಗಿಲು ಹಾಕಿ ಯಾವುದೋ ಕಾಲವಾಯಿತು. ಆ ಪ್ರೋಗ್ರಾಂ ಅನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ತಪ್ಪು ಗುಂಡಿ ಒತ್ತಿ ಒತ್ತಿ, ಒಮ್ಮೆ ಮೂರು ತೋಳಿನ ಸ್ವೆಟರ್ ಹೆಣೆದು, ನಾನೇ ಕಲಿತೆ.

ಸ್ವೆಟರಿನ ಕಾಲ ಮುಗಿಯಿತು. ಈಗ ಆ ಯಂತ್ರ ಹೆಣೆಯುವುದು ಒಂದೇ ವಸ್ತು, ಅದೂ ಒಬ್ಬನಿಗೆ. ನನ್ನ ತಮ್ಮ ಪಕ್ಕದ ಬೀದಿಯಲ್ಲಿ ಕಟಿಂಗ್ ಅಂಗಡಿ ಇಟ್ಟವನು. ಹಿಂದಕ್ಕೆ ಬರುತ್ತಿದ್ದ ಲಾರಿಯೊಂದು ಅವನ ಎಡಗಾಲನ್ನು ಮಂಡಿಯ ಕೆಳಗಿನಿಂದ ತೆಗೆದುಕೊಂಡು ಹೋಯಿತು. ಆಮೇಲೆ ಕೃತಕ ಕಾಲು ಬಂತು. ಅವನು ಅದನ್ನು ಕರೆಯುವುದು 'ಅಳಿಯ' ಎಂದು. "ದುಡ್ಡು ಸುರಿದು ತಂದಿದ್ದೀವಿ, ಮೂಲೆಯಲ್ಲಿ ಕೂರಿಸಿ ಒರೆಸಬೇಕು, ಸ್ವಲ್ಪ ಉಪಚಾರ ಕಮ್ಮಿಯಾದ್ರೂ ಮುನಿಸು. ಅಳಿಯ ಅನ್ನದೆ ಇನ್ನೇನನ್ನಲಿ ಅಕ್ಕ?" ಎನ್ನುತ್ತಾನೆ. ಆ ಅಳಿಯನಿಗೂ ಎಡಗಾಲಿನ ಉಳಿದ ತುಂಡಿಗೂ ನಡುವೆ ಒಂದು ಕಾಲುಚೀಲ ಬೇಕು. ಅದರಲ್ಲಿ ಹೊಲಿಗೆ ಇರಬಾರದು, ಗಂಟು ಇರಬಾರದು, ಒಂದು ಕುಣಿಕೆ ಬಿಗಿಯಾದರೂ ಅಲ್ಲಿ ಚರ್ಮ ಕೆಂಪಾಗಿ, ಗುಳ್ಳೆಯಾಗಿ, ಹುಣ್ಣಾಗುತ್ತದೆ. ಅಂಗಡಿಯಲ್ಲಿ ಸಿಗುವವು ಅವನಿಗೆ ಒಗ್ಗಲಿಲ್ಲ. ನನ್ನ ಕೈ ನಡುಗುವುದರಿಂದ ಕೈಹೆಣಿಗೆ ಸಮನಾಗಿ ಬರುವುದಿಲ್ಲ. ಹಾಗಾಗಿ ಯಂತ್ರ, ಹಾಗಾಗಿ ಪ್ರೋಗ್ರಾಂ, ಹಾಗಾಗಿ ತಾವು ಪ್ರತಿದಿನ ಬಂದು ನಿಲ್ಲುತ್ತಿದ್ದ ಆ ಕಂಪ್ಯೂಟರ್. ಅದರೊಳಗೆ 'ತಮ್ಮ ಬೇಸಿಗೆ' ಎಂದೊಂದು ಅಳತೆಯಿದೆ, 'ತಮ್ಮ ಚಳಿಗಾಲ' ಎಂದೊಂದಿದೆ, ಏಕೆಂದರೆ ಬಿಸಿಲಿಗೆ ಆ ಕಾಲು ಊದುತ್ತದೆ, ಚಳಿಗೆ ಇಳಿಯುತ್ತದೆ. ಇದು ತಮ್ಮ ಶುಭಸುದ್ದಿಯಲ್ಲಿ ಎಲ್ಲಿಯೂ ಬರೆದಿರಲಿಲ್ಲ.

ಬರೆದದ್ದು ಏನೆಂದರೆ, ಹೊಸ ಆವೃತ್ತಿ ವೇಗವಾದದ್ದು, ಸುಂದರವಾದದ್ದು, ಸುರಕ್ಷಿತವಾದದ್ದು. ಹಳೆಯದಕ್ಕೆ ಇನ್ನು ಮುಂದೆ ಕಾವಲು ಇರುವುದಿಲ್ಲ. ಅದರ ಕೆಳಗೆ ಇರುವೆಯ ಸಾಲಿನಂಥ ಅಕ್ಷರದಲ್ಲಿ 'ಕೆಲವು ಹಳೆಯ ಪ್ರೋಗ್ರಾಂಗಳು ಕೆಲಸ ಮಾಡದಿರಬಹುದು' ಎಂದು. ಆ 'ಕೆಲವು' ಎಂಬ ಪದದ ಮೇಲೆ ನನಗೆ ಅಪಾರ ಗೌರವ. ಸಾವಿರಾರು ಪ್ರೋಗ್ರಾಂ ಇಟ್ಟುಕೊಂಡವರಿಗೆ ಅದು ಕೆಲವು. ಒಂದೇ ಇಟ್ಟುಕೊಂಡವಳಿಗೆ ಅದು ಎಲ್ಲವೂ. ತಮ್ಮಲ್ಲಿ ನನ್ನ ಸಣ್ಣ ಪ್ರಾರ್ಥನೆ: ಮುಂದಿನ ಸಲ 'ಕೆಲವು' ಎನ್ನುವ ಕಡೆ ದಯವಿಟ್ಟು ಆಯಾ ಮನೆಯವರನ್ನು ವಿಚಾರಿಸಿ, 'ಅಕ್ಕಾ, ನಿಮ್ಮ ತಮ್ಮನ ಕಾಲುಚೀಲದ್ದು ನಡೆಯುವುದಿಲ್ಲ, ಪಕ್ಕದ ಮನೆಯವರ ಜಾತಕದ್ದು ನಡೆಯುತ್ತದೆ' ಎಂದು ಬಿಡಿಸಿ ಬರೆಯಬೇಕು. ಇಷ್ಟು ಕೋಟಿ ಮನೆಗೆ ದಿನವೂ ಹೋಗಿಬರುವ ತಮಗೆ ಇದು ಕಷ್ಟವಾಗಲಾರದು.

ಆದರೂ ನಾನು ತಮ್ಮ ಮಾತನ್ನು ತಳ್ಳಿಹಾಕಲಿಲ್ಲ. ಕಾವಲಿಲ್ಲದ ಮನೆಯಲ್ಲಿ ಬಾಗಿಲು ತೆರೆದು ಮಲಗುವುದು ಯಾರಿಗೆ ತಾನೆ ಇಷ್ಟ? ಮೇಲಾಗಿ ನನ್ನ ಕಾಗದಗಳೆಲ್ಲ ಈಗ ಇಮೇಲಿನಲ್ಲೇ ಹೋಗುತ್ತವೆ, ಅದೇ ಕಂಪ್ಯೂಟರಿನಿಂದ. ಆದ್ದರಿಂದ ಒಂದು ಭಾನುವಾರ ಮನೆಯವರನ್ನೆಲ್ಲ ಕೂರಿಸಿ, ಏನು ಮಾಡೋಣ ಎಂದು ಕೇಳಿದೆ. ಕಂಪ್ಯೂಟರ್ ಅಂಗಡಿಯವರನ್ನೂ ಕರೆಸಿದೆ. ಅವರಿಗೆ ನಮ್ಮ ಬೀದಿಯಲ್ಲಿ 'ಬಿಡಿ' ಎಂದೇ ಹೆಸರು, ಮಾತಿಗೊಮ್ಮೆ ಆ ಪದ ಬರುತ್ತದೆ. ಅವರು ಬಂದವರೇ ಪೆಟ್ಟಿಗೆಯ ಬದಿ ಬಿಚ್ಚಿ, ಒಳಗಿನ ಧೂಳು ಊದಿ, "ಇದಕ್ಕೆ ವಯಸ್ಸಾಯ್ತು ಬಿಡಿ ಅಮ್ಮ" ಎಂದರು.

"ವಯಸ್ಸು ನನಗೂ ಆಗಿದೆಯಪ್ಪ, ನನ್ನನ್ನೂ ಬದಲಾಯಿಸ್ತೀಯಾ?" ಎಂದೆ.

"ನಿಮಗೆ ಸ್ಪೇರ್ ಸಿಗಲ್ಲ ಬಿಡಿ" ಎಂದು, ನಗದೆ, ಒಂದು ಹೊಸ ಕಂಪ್ಯೂಟರಿನ ಚಿತ್ರ ತೋರಿಸಿದರು. ಊಟದ ತಟ್ಟೆಯಷ್ಟು ತೆಳ್ಳಗಿತ್ತು. ನನ್ನ ಕೇಬಲ್ ಸಿಗಿಸುವುದು ಎಲ್ಲಿ ಎಂದು ಕೇಳಿದರೆ ಅದರ ಬೆನ್ನು ಕೂಸಿನ ಬೆನ್ನಿನಷ್ಟು ನುಣ್ಣಗೆ. ಅದಕ್ಕೊಂದು ತುಂಡು ಸಿಗುತ್ತದೆ, ಅದನ್ನು ಜೋಡಿಸಬಹುದು, ಆದರೆ ಈ ಪ್ರೋಗ್ರಾಂ ಹೊಸದರಲ್ಲಿ ಏಳುವುದೇ ಅನುಮಾನ ಎಂದರು. ಹಾಗಾದರೆ ಇದೇ ಕಂಪ್ಯೂಟರಿಗೆ ತಮ್ಮ ಹೊಸ ಆವೃತ್ತಿ ಹಾಕಿದರೆ? "ಹಾಕಬಹುದು ಬಿಡಿ. ಮುದುಕನ ತಲೆ ಮೇಲೆ ಅಕ್ಕಿಮೂಟೆ ಇಟ್ಟ ಹಾಗಾಗುತ್ತೆ. ನಡೀತಾನೆ, ಆದ್ರೆ ನೀವು ನೋಡಬಾರದು."

ತಮ್ಮನ ಮಗಳು ಹಲ್ಲಿನ ಆಸ್ಪತ್ರೆಯಲ್ಲಿ ಸಹಾಯಕಿ, ಇಂಥದ್ದರಲ್ಲಿ ಬಲು ಆಸಕ್ತಿ. ಅವಳು ತಂದದ್ದು ಬೇರೆಯೇ ಒಂದು ಸಂಗತಿ. ಬೆರಳುದ್ದದ ಪೆನ್‌ಡ್ರೈವಿನಲ್ಲಿ ಒಂದು ಪೂರಾ ವ್ಯವಸ್ಥೆ, ಅದೂ ಉಚಿತ. "ಅತ್ತೆ, ಇದು ಸಾಧು. ಒಳಗೆ ಏನೂ ಮುಟ್ಟಲ್ಲ. ಹೊರಗಿನಿಂದಲೇ ನಡೆಯುತ್ತೆ, ನೋಡಿ, ಇಷ್ಟ ಆದ್ರೆ ಇರಿಸಿಕೊಳ್ಳಿ" ಎಂದಳು. ಮಾನ್ಯರೇ, ಇದನ್ನು ಹೇಳಲು ನನಗೆ ಸಂಕೋಚ, ತಾವು ಬೇಸರಿಸಬಾರದು, ಆ ಅತಿಥಿ ಹೊಸ್ತಿಲಲ್ಲೇ ನಿಂತು, ನನ್ನ ಹೆಸರು ಕೇಳದೆ, ಯಾವ ಶುಭಸುದ್ದಿಯನ್ನೂ ತಾರದೆ, ಕೆಲಸ ಮಾಡಿ ತೋರಿಸಿ, ಪೆನ್‌ಡ್ರೈವ್ ಕಿತ್ತೊಡನೆ ಹೋಯಿತು. ನಮ್ಮ ಹಳೆಯ ಪೆಟ್ಟಿಗೆ ಅದರ ಕೈಯಲ್ಲಿ ಹುಡುಗನ ಹಾಗೆ ಓಡಾಡಿತು. ಇಮೇಲ್ ಬಂತು, ಅಕ್ಷರ ದಪ್ಪಗಾಯಿತು, ಫ್ಯಾನಿನ ಕೂಗು ಕೂಡ ಇಳಿಯಿತು. ಆದರೆ ಹೆಣಿಗೆಯ ಪ್ರೋಗ್ರಾಂ ಅದಕ್ಕೆ ಪರಿಚಯವಿರಲಿಲ್ಲ. ಹುಡುಗಿ ಏನೇನೋ ಬರೆದು, ಉಗುರು ಕಚ್ಚಿ, "ಸ್ವಲ್ಪ ಟೈಂ ಕೊಡಿ ಅತ್ತೆ, ಎಬ್ಬಿಸ್ತೀನಿ" ಎಂದಳು. ಎದ್ದು ನಿಂತ ಪ್ರೋಗ್ರಾಂ ಕೇಬಲ್ ಎಲ್ಲಿ ಎಂದು ಕೇಳಿ ಮತ್ತೆ ಮಲಗಿತು.

ನಮ್ಮೆಜಮಾನರು ಬಸ್ ನಿಲ್ದಾಣದಲ್ಲಿ ಟೈಂಕೀಪರ್ ಆಗಿ ನಿವೃತ್ತರಾದವರು. ಅವರ ಅಭಿಪ್ರಾಯ ಚಿಕ್ಕದು: "ಇಂಟರ್ನೆಟ್ ವೈರ್ ಕಿತ್ತು ಹಾಕು. ಕಳ್ಳ ಬರೋ ದಾರಿನೇ ಇಲ್ಲದಿದ್ರೆ ಕಾವಲು ಯಾಕೆ?" ನಾನು ಒಪ್ಪಲಿಲ್ಲ. ದಾರಿ ಕಿತ್ತರೆ ಕಳ್ಳನ ಜೊತೆ ನನ್ನ ಅಕ್ಕತಂಗಿಯರೂ ಬರುವುದಿಲ್ಲವಲ್ಲ.

ಇಷ್ಟೂ ಹೊತ್ತು ಗೋಡೆಗೆ ಊರುಗೋಲು ಒರಗಿಸಿ ಕೂತಿದ್ದ ತಮ್ಮ ಕೊನೆಗೆ ಬಾಯಿಬಿಟ್ಟ. "ಅಕ್ಕ, ಯಾವ ದೇವರನ್ನಾದ್ರೂ ಕೂರಿಸ್ಕೋ. ಮೊದಲು ನನ್ನ ಕಾಲುಚೀಲ ಹೆಣೆದು ಮುಗಿಸು. ಆಮೇಲೆ ಬೇಕಾದ್ರೆ ಆ ಕಂಪ್ಯೂಟರಿಗೆ ನಾನೇ ಕಟಿಂಗ್ ಮಾಡಿಕೊಡ್ತೀನಿ."

ಅವನ ಅವಸರಕ್ಕೆ ಕಾರಣವಿತ್ತು. ಹಿಂದಿನ ಚಳಿಗಾಲದಲ್ಲಿ ಹಳೆಯ ಕಾಲುಚೀಲ ಸವೆದದ್ದು ತಿಳಿಯದೆ ನಿಂತೇ ಕೆಲಸ ಮಾಡಿ, ಹುಣ್ಣಾಗಿ, ವೈದ್ಯರು ಅಳಿಯನನ್ನು ಮೂಲೆಗೆ ಕೂರಿಸಿದರು. ತಿಂಗಳುಗಟ್ಟಲೆ ಅವನು ಎತ್ತರದ ಸ್ಟೂಲಿನ ಮೇಲೆ ಕೂತು ಕತ್ತರಿ ಆಡಿಸಿದ. ಕೂತವನ ಕೈ ಒಂದು ಬದಿಗೆ ಎಟುಕುತ್ತದೆ, ಇನ್ನೊಂದಕ್ಕೆ ಎಟುಕುವುದಿಲ್ಲ. ನಮ್ಮ ಬೀದಿಯ ಗಂಡಸರೆಲ್ಲ ಒಂದು ಕಿವಿಯ ಮೇಲೆ ಕೂದಲು ಜಾಸ್ತಿ ಬಿಟ್ಟುಕೊಂಡು ತಿರುಗಾಡಿದರು. ಪರಿಚಯದವರು ತಾಳಿಕೊಂಡರು, ಉಳಿದವರು ಬೇರೆ ಅಂಗಡಿ ನೋಡಿಕೊಂಡರು. ಈಗ ಹುಣ್ಣು ಮಾಯ್ದಿತ್ತು, ಕಾಲು ತೆಳ್ಳಗಾಗಿತ್ತು, ಹೊಸ ಅಳತೆ ತೆಗೆದಾಗಿತ್ತು. ಕೃತಕ ಕಾಲು ಮಾಡಿಕೊಡುವವರು ಮುಂದಿನ ವಾರದ ಸೋಮವಾರ ಬಾ, ಹೊಸ ಕಾಲುಚೀಲ ತೊಡಿಸಿ ನಿಲ್ಲಿಸಿ ನೋಡೋಣ ಎಂದಿದ್ದರು. ಮತ್ತೊಮ್ಮೆ ಹುಣ್ಣಾದರೆ ಆ ಕಾಲಿನ ಮೇಲೆ ನಿಲ್ಲುವ ಮಾತೇ ಬಿಟ್ಟುಬಿಡಬೇಕು ಎಂದು ವೈದ್ಯರು ಮೊದಲೇ ಹೇಳಿದ್ದರು. ನೂಲು ಕೂಡ ಆ ಕಾಲು ಮಾಡಿಕೊಡುವವರೇ ತರಿಸಿಕೊಟ್ಟದ್ದು, ಒಂದು ಚೀಲಕ್ಕೆ ಸಾಲುವಷ್ಟೇ. ಬಿಚ್ಚಿ ಮತ್ತೆ ಹೆಣೆದರೆ ಎಳೆ ನವೆದು ಗಂಟಾಗುತ್ತದೆ, ಇನ್ನೊಂದು ಉಂಡೆ ತರಿಸಲು ವಾರಗಳು ಬೇಕು. ಹೀಗಾಗಿ ನಮ್ಮ ತೀರ್ಮಾನ ಇಷ್ಟು: ಮೊದಲು ಕಾಲುಚೀಲ, ಆಮೇಲೆ ಕಂಪ್ಯೂಟರ್.

ಆ ವಾರದ ಶನಿವಾರ ಮಧ್ಯಾಹ್ನ ಊಟ ಮುಗಿಸಿ ಯಂತ್ರದ ಮುಂದೆ ಕೂತೆ. ಹೆಣೆದದ್ದು ಸೂಜಿಗಳಿಂದ ಕೆಳಕ್ಕೆ ಇಳಿಯುತ್ತ ಹೋಗಬೇಕು, ಅದು ಮೇಲಕ್ಕೆ ಸೇದಿಕೊಳ್ಳದಂತೆ ಅಂಚಿಗೆ ತೂಕ ಕಟ್ಟಿರುತ್ತೇನೆ. ಎರಡು ಕೈಯಲ್ಲೂ ಯಂತ್ರದ ಹಿಡಿ, ಕಣ್ಣು ಪರದೆಯ ಮೂಲೆಯಲ್ಲಿ ಕಾಣುವ ಸಾಲಿನ ಸಂಖ್ಯೆಯ ಮೇಲೆ. ಆ ಮೂಲೆ ಯಾವುದೆಂದು ತಮಗೆ ಹೇಳಬೇಕಾಗಿಲ್ಲ. ತಾವು ಬಂದಿರಿ, ಆ ಸಂಖ್ಯೆಯ ಮೇಲೆಯೇ ಆಸೀನರಾದಿರಿ. ಅಂದು ತಮ್ಮ ಉಡುಪು ಬೇರೆಯಾಗಿತ್ತು. 'ಆಮೇಲೆ ನೆನಪಿಸಿ' ಇದ್ದ ಜಾಗದಲ್ಲಿ 'ನಿಮಗೆ ಅನುಕೂಲವಾದ ಸಮಯವನ್ನು ಆರಿಸಿ' ಎಂದಿತ್ತು. ಕೈ ಬಿಡುವ ಹಾಗಿರಲಿಲ್ಲ.

"ರೀ, ಸ್ವಲ್ಪ ಬಂದು ಇದನ್ನ ಕಳಿಸಿ" ಎಂದು ಕೂಗಿದೆ.

ನಮ್ಮೆಜಮಾನರು ಬಂದರು. ಅವರು ಯಾವುದನ್ನೂ ಓದದೆ ಒತ್ತುವವರಲ್ಲ. ಕನ್ನಡಕ ಒರೆಸಿ, ಮೇಲಿನಿಂದ ಕೆಳಗಿನವರೆಗೆ ಓದಿ, "ಟೈಂ ಕೇಳ್ತಾ ಇದೆ ಕಣೇ" ಎಂದರು.

"ಏನೋ ಒಂದು ಮಾಡಿ, ಸಾಲು ಕಾಣಿಸ್ತಾ ಇಲ್ಲ!"

ಇಲ್ಲಿ ತಾವು ನಮ್ಮೆಜಮಾನರನ್ನು ಅರ್ಥಮಾಡಿಕೊಳ್ಳಬೇಕು. ಸಮಯ ಬರೆಯಬೇಕಾದ ಖಾಲಿ ಚೌಕವೊಂದನ್ನು ಕಂಡರೆ ಅದನ್ನು ತುಂಬದೆ ಹೋಗಲು ಅವರ ಕೈಗೆ ಆಗುವುದಿಲ್ಲ. ಸೇವೆಯಲ್ಲಿದ್ದಷ್ಟು ಕಾಲ ಮಳೆ, ಮುಷ್ಕರ, ಪಂಕ್ಚರ್ ಏನೇ ಇರಲಿ, ಬಾರದ ಬಸ್ಸಿಗೂ ಬರುವ ವೇಳೆ ಬರೆದವರು ಅವರು. ಮಾತಾಡಲು ಬರುತ್ತೇನೆ, ಯಾವಾಗ ಬರಲಿ ಎಂದು ತಾವು ಮರ್ಯಾದೆಯಿಂದ ಕೇಳುತ್ತಿದ್ದೀರಿ ಎಂದೇ ಅವರು ತಿಳಿದರು. ನನ್ನ ಹೆಣಿಗೆ ಮುಗಿದಿರುತ್ತದೆ, ಟೀ ಕುಡಿದಾಗಿರುತ್ತದೆ ಎಂದೆಲ್ಲ ಲೆಕ್ಕ ಹಾಕಿ, ನಾಲ್ಕು ನಲವತ್ತು ಎಂದು ಒತ್ತಿ, ಕೆಳಗಿದ್ದ 'ಒಪ್ಪಿಗೆ'ಯನ್ನೂ ಒತ್ತಿ, "ಟೈಂ ಕೊಟ್ಟು ಕಳಿಸಿದ್ದೀನಿ. ಇನ್ನು ಅದಕ್ಕೆ ಮುಂಚೆ ಬಂದು ಕಾಟ ಕೊಡಲ್ಲ" ಎಂದು ಹೆಮ್ಮೆಯಿಂದ ಹೋಗಿ ಮಲಗಿದರು.

ನಿಜ, ಅದಕ್ಕೆ ಮುಂಚೆ ತಾವು ಬರಲಿಲ್ಲ. ನಾಲ್ಕು ನಲವತ್ತಕ್ಕೆ ಬಂದಿರಿ. ನಮ್ಮೆಜಮಾನರ ಜೀವಮಾನದಲ್ಲಿ ಹೇಳಿದ ವೇಳೆಗೆ ಸರಿಯಾಗಿ ಬಂದ ಮೊದಲ ಗಾಡಿ ತಾವೇ. ಕಾಲುಚೀಲ ಬೆರಳಿನ ಕಡೆಗಲ್ಲ, ಬೆರಳಿಲ್ಲದ ಆ ತುದಿಯ ಕಡೆಗೆ ಕಿರಿದಾಗತೊಡಗಿತ್ತು, ಅತಿ ಸೂಕ್ಷ್ಮವಾದ ಜಾಗ. ನನ್ನ ನೂಲಿನಲ್ಲಿ ಸಿಕ್ಕು ಬಿದ್ದು ಹೆಣಿಗೆ ತಡವಾಗಿತ್ತು, ತಪ್ಪು ನನ್ನದೇ, ತಮ್ಮ ವೇಳಾಪಟ್ಟಿಗೆ ತಕ್ಕಂತೆ ನನ್ನ ನೂಲನ್ನು ತಿದ್ದಿ ಬೆಳೆಸಬೇಕಿತ್ತು. ಪರದೆ ಕಪ್ಪಾಯಿತು. ಆಮೇಲೆ ನೀಲಿಯಾಯಿತು. 'ಕೆಲಸ ನಡೆಯುತ್ತಿದೆ, ದಯವಿಟ್ಟು ಆರಿಸಬೇಡಿ' ಎಂದು ಬಂತು, ಜೊತೆಗೆ ಶೇಕಡಾ ಎಷ್ಟಾಯಿತೆಂಬ ಲೆಕ್ಕ. ನಮ್ಮೆಜಮಾನರು ಹಿಂದೆ ಬಂದು ನಿಂತು, "ಇಪ್ಪತ್ತಕ್ಕೆ ಬಂತು... ಮೂವತ್ತಕ್ಕೆ ನಿಂತಿದೆ... ಬರುತ್ತೆ, ಬರುತ್ತೆ" ಎಂದು ಪ್ರಯಾಣಿಕರನ್ನು ಸಮಾಧಾನ ಮಾಡುವ ಹಾಗೆ ಹೇಳುತ್ತಿದ್ದರು. ಪ್ರಯಾಣಿಕಳು ನಾನೊಬ್ಬಳೇ.

ಕತ್ತಲಾದ ಮೇಲೆ ತಮ್ಮ ಹೊಸ ಆವೃತ್ತಿ ಕಣ್ಣು ತೆರೆಯಿತು. ಎಷ್ಟು ಸುಂದರ! ಪರದೆಯ ತುಂಬ ಹಿಮದ ಬೆಟ್ಟ, ಅದರ ಕೆಳಗೆ ಸರೋವರ. ಬಂದದ್ದೇ ನಮಸ್ಕಾರ ಹೇಳಿತು, ನಾನು ಯಾರೆಂದು ನನ್ನ ಕಂಪ್ಯೂಟರೇ ನನ್ನನ್ನು ಕೇಳಿತು, ನಾನೆಲ್ಲಿದ್ದೇನೆಂದು ತಿಳಿಯಬಹುದೇ ಎಂದಿತು, ಕ್ರೀಡಾಸುದ್ದಿ ಬೇಕೇ ಎಂದಿತು. ನಾನು ಪ್ರೋಗ್ರಾಂ ಎಲ್ಲಿ ಎಂದು ಹುಡುಕಿದೆ. ಅದರ ಚಿತ್ರವಿದ್ದ ಕಡೆ ಖಾಲಿ ಬಿಳಿ ಹಾಳೆಯೊಂದು ಕೂತಿತ್ತು. ಒತ್ತಿದರೆ, 'ಇದು ಈ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲ, ತಯಾರಕರನ್ನು ಸಂಪರ್ಕಿಸಿ' ಎಂದಿತು. ಸತ್ತವರನ್ನು ಸಂಪರ್ಕಿಸುವ ಸಲಹೆಯನ್ನು ಇಷ್ಟು ಸಲೀಸಾಗಿ ನನಗೆ ಯಾವ ಜ್ಯೋತಿಷಿಯೂ ಕೊಟ್ಟಿರಲಿಲ್ಲ.

ಸುದ್ದಿ ತಿಳಿದು ನನ್ನ ತಮ್ಮ ಊರುಗೋಲಿನಲ್ಲೇ ಕುಪ್ಪಳಿಸಿಕೊಂಡು ಬಂದ. ತೂಕ ಕಟ್ಟಿಸಿಕೊಂಡು ತೂಗಾಡುತ್ತಿದ್ದ ಅರ್ಧ ಚೀಲವನ್ನು ನೋಡಿದ. "ಅರ್ಧ ಕಾಲಿಗೆ ಅರ್ಧ ಚೀಲ. ಲೆಕ್ಕ ಸರಿಯಾಗೇ ಇದೆಯಲ್ಲ" ಎಂದ. ಯಾರೂ ನಗಲಿಲ್ಲ. ಭಾವನ ಮುಖ ನೋಡಿ, "ಅಲ್ಲ ಭಾವ, ಕೊಡೋದೇ ಕೊಟ್ಟಿರಿ, ಮುಂದಿನ ವರ್ಷದ ತಾರೀಖು ಕೊಡೋಕೆ ಏನಾಗಿತ್ತು?" ಎಂದ. ಅದಕ್ಕೂ ನಗಲಿಲ್ಲ. ಆಮೇಲೆ ಚೀಲದ ಅಂಚನ್ನು ಎರಡು ಬೆರಳಲ್ಲಿ ಹಿಡಿದು, "ಸೋಮವಾರಕ್ಕೆ ಆಗಲ್ವಾ ಅಕ್ಕ?" ಎಂದು ಕೇಳಿದ. ಲಾರಿ ತಗುಲಿದ ದಿನ ಆಸ್ಪತ್ರೆಯಲ್ಲಿ ಕೂಡ ತಮಾಷೆ ಮಾಡಿದವನು ಅವನು. ಆ ಪ್ರಶ್ನೆಯಲ್ಲಿ ತಮಾಷೆ ಇರಲಿಲ್ಲ.

ಹಲ್ಲಿನ ಆಸ್ಪತ್ರೆಯ ಕೆಲಸ ಮುಗಿಸಿ ಹುಡುಗಿ ಓಡಿಬಂದಳು. ತಾವು ಹಿಂದಿರುಗುವ ದಾರಿಯೊಂದನ್ನು ಇಟ್ಟಿದ್ದೀರಿ ಎಂದು ಅವಳಿಗೆ ಗೊತ್ತಿತ್ತು. ಅದನ್ನು ತಾವು ಇಟ್ಟ ಜಾಗವನ್ನು ಕಂಡು ನನಗೆ ನನ್ನ ಅತ್ತೆಯವರ ನೆನಪಾಯಿತು, ಅವರೂ ಬೆಲ್ಲದ ಡಬ್ಬಿಯನ್ನು ಹೀಗೆಯೇ ಕೋಣೆಯೊಳಗಿನ ಕೋಣೆಯ ಅಟ್ಟದ ಮೂಲೆಯಲ್ಲಿ ಇಡುತ್ತಿದ್ದರು. 'ಹಿಂದಿನ ಆವೃತ್ತಿಗೆ ಮರಳಿ' ಎಂಬ ಗುಂಡಿ ಸಿಕ್ಕಿತು. ಒತ್ತಿದರೆ ತಾವು ನೊಂದುಕೊಂಡಿರಿ. ಏಕೆ ಹೋಗುತ್ತಿದ್ದೀರಿ ಎಂದು ಕೇಳಿ ಕೆಲವು ಕಾರಣಗಳನ್ನು ತಾವೇ ಸೂಚಿಸಿದಿರಿ: ನಿಧಾನವಾಯಿತೇ, ನೋಟ ಹಿಡಿಸಲಿಲ್ಲವೇ, ಬಳಸಲು ಕಷ್ಟವಾಯಿತೇ. 'ತಮ್ಮನ ಕಾಲು' ಎಂಬುದು ಅದರಲ್ಲಿ ಇರಲಿಲ್ಲ. ಕೊನೆಯಲ್ಲಿ 'ಇತರೆ, ವಿವರಿಸಿ' ಎಂದು ಒಂದು ಡಬ್ಬಿ. ನಾನು ವಿವರಿಸಲು ಕೂತೆ. ಕ್ಷೇಮಸಮಾಚಾರ ಮುಗಿದು ಲಾರಿಯ ತನಕ ಬರುವಷ್ಟರಲ್ಲಿ ಡಬ್ಬಿ ತುಂಬಿತು, ಮುಂದೆ ಅಕ್ಷರ ಬೀಳಲಿಲ್ಲ. "ಅತ್ತೆ, ಚುಕ್ಕಿ ಒಂದು ಇಟ್ಟರೂ ಸಾಕು, ಬಿಡುತ್ತೆ" ಎಂದು ಹುಡುಗಿ ಎಲ್ಲ ಅಳಿಸಿ ಒಂದು ಚುಕ್ಕಿ ಇಟ್ಟಳು. ತಾವು ಬಿಟ್ಟಿರಿ. ತಮ್ಮ ಕಡತದಲ್ಲಿ ಇಂದಿಗೂ ನನ್ನ ದೂರು ಒಂದು ಚುಕ್ಕಿಯಾಗಿ ಕೂತಿರಬೇಕು. ಆ ಚುಕ್ಕಿಯ ವಿವರಣೆಗಾಗಿಯೇ ಈ ಬಹಿರಂಗ ಪತ್ರ.

ಹಳೆಯದು ಮರಳಿ ಬಂತು, ಪ್ರೋಗ್ರಾಂ ಎದ್ದಿತು, 'ತಮ್ಮ' ಎಂಬ ಅಳತೆಗಳೆಲ್ಲ ಸುರಕ್ಷಿತವಾಗಿದ್ದವು. ಆದರೆ ಯಾವ ಸಾಲಿನಲ್ಲಿ ನಿಂತಿದ್ದೆವು ಎಂಬುದನ್ನು ಅದು ಮರೆತಿತ್ತು. ಹೆಣೆದ ಸಾಲುಗಳನ್ನು ಕೈಯಲ್ಲಿ ಎಣಿಸುವುದೊಂದೇ ದಾರಿ. ನಾನು ಕೆಳಗಿನಿಂದ ಎಣಿಸಿದೆ, ತಮ್ಮ ಮೇಲಿನಿಂದ ಎಣಿಸಿದ. ಒಂದು ಸಾಲಿನ ವ್ಯತ್ಯಾಸ ಬಂತು. ಮತ್ತೆ ಎಣಿಸಿದೆವು, ಅದೇ ವ್ಯತ್ಯಾಸ.

"ಅಕ್ಕ, ನಾನು ದಿನಾ ಬಾಚಣಿಗೆ ಹಲ್ಲಿನ ಮಧ್ಯೆ ಕೆಲಸ ಮಾಡೋನು. ನನ್ನ ಕಣ್ಣು ತಪ್ಪಲ್ಲ."

"ಬೀದಿ ಗಂಡಸರ ಕಿವಿ ನೋಡಿದ್ರೆ ಗೊತ್ತಾಗುತ್ತೆ ನಿನ್ನ ಕಣ್ಣು."

ನಮ್ಮೆಜಮಾನರು ಪ್ರಾಯಶ್ಚಿತ್ತದ ಭಾವದಿಂದ ಮುಂದೆ ಬಂದು, ತಾವೂ ಎಣಿಸಿ, ಇಬ್ಬರದ್ದೂ ಅಲ್ಲದ ಮೂರನೆಯ ಸಂಖ್ಯೆಯೊಂದನ್ನು ಹೇಳಿದರು. ಆಗ ಮೊದಲ ಸಲ ಆ ಕೋಣೆಯಲ್ಲಿ ನಗು ಬಂತು. ತಮ್ಮ ನಕ್ಕು ನಕ್ಕು ಊರುಗೋಲು ಬೀಳಿಸಿದ. ಕಣ್ಣೊರೆಸಿಕೊಂಡು ನಾನೇ ಸೋತೆ. "ನಿನ್ನ ಕಾಲು, ನಿನ್ನ ಲೆಕ್ಕ. ಹುಣ್ಣಾದ್ರೆ ನನ್ನನ್ನ ಬೈಬೇಡ" ಎಂದು ಅವನ ಸಂಖ್ಯೆಯನ್ನೇ ಹಾಕಿದೆ. ಹೆಣೆಯುವ ಮುಂಚೆ ಗೋಡೆಯಿಂದ ಇಂಟರ್ನೆಟ್ ವೈರನ್ನು ನಾನೇ ಕಿತ್ತೆ. ಯಾರನ್ನೂ ಕೇಳಲಿಲ್ಲ. ಭಾನುವಾರ ಮಧ್ಯಾಹ್ನಕ್ಕೆ ಚೀಲ ಸೂಜಿಗಳಿಂದ ಇಳಿಯಿತು.

ಸೋಮವಾರ ತಮ್ಮ ನಿಂತ. ಕೃತಕ ಕಾಲು ಮಾಡಿಕೊಡುವವರು ಅವನನ್ನು ಆ ಕಡೆ ಈ ಕಡೆ ನಡೆಸಿ, ಕೂರಿಸಿ, ನಿಲ್ಲಿಸಿ, ಹೋಗು ಎಂದರು. ಅವನು ಮನೆಗೆ ಬರಲಿಲ್ಲ, ನೇರವಾಗಿ ಅಂಗಡಿಗೆ ಹೋದ. ಸ್ಟೂಲನ್ನು ಬೀದಿಗೆ ಇಟ್ಟ. ಮೊದಲ ತಲೆ ನಮ್ಮೆಜಮಾನರದ್ದು, ಅದು ಶಿಕ್ಷೆ; ಇನ್ನು ಆರು ತಿಂಗಳು ಅವರಿಗೆ ಬಾಚಣಿಗೆಯ ಅಗತ್ಯವಿಲ್ಲ. ಆಮೇಲೆ ಒಂದು ಕಿವಿಯ ಮೇಲೆ ಕೂದಲು ಹೊತ್ತವರೆಲ್ಲ ಸಾಲಾಗಿ ಬಂದರು. ಸಂಜೆ ಅಂಗಡಿ ಮುಚ್ಚಿದ ಮೇಲೆ ನಾನು ಹೋದೆ. ಅವನು ಗಿರಾಕಿಗಳ ಕುರ್ಚಿಯಲ್ಲಿ ಕೂತು, ಕನ್ನಡಿಗೆ ಬೆನ್ನು ಹಾಕಿ, ಅಳಿಯನನ್ನು ಬಿಚ್ಚಿ ಪಕ್ಕಕ್ಕಿಟ್ಟು, ಚೀಲವನ್ನು ಮೆಲ್ಲಗೆ ಸುರುಳಿ ಸುತ್ತುತ್ತ ತೆಗೆದ. ಅಂಗಡಿಯ ದೊಡ್ಡ ದೀಪವನ್ನು ನಾನು ಕೆಳಕ್ಕೆ ಬಗ್ಗಿಸಿ ನೋಡಿದೆ. ಚರ್ಮದ ಮೇಲೆ ತಲೆದಿಂಬಿನ ಮಡಿಕೆ ಕೆನ್ನೆಯ ಮೇಲೆ ಮೂಡುತ್ತದಲ್ಲ, ಅಂಥ ಒಂದು ತೆಳ್ಳನೆ ಗೆರೆ, ನಾವು ನೋಡುತ್ತಿರುವಂತೆಯೇ ಅದೂ ಮಾಯವಾಯಿತು. ಎಲ್ಲೂ ಕೆಂಪಿರಲಿಲ್ಲ.

"ಲೆಕ್ಕ ಯಾರದ್ದು?" ಎಂದ.

"ನಿಂದೇ ಕಣೋ" ಎಂದೆ. ಅವನಿಗೆ ನಾನು ಸೋತ ಸಂದರ್ಭಗಳು ಬಹಳವಿಲ್ಲ.

ಆದ್ದರಿಂದ ಮಾನ್ಯರೇ, ವರ್ಷದಿಂದ ತಾವು ಕೇಳುತ್ತಿದ್ದ ಪ್ರಶ್ನೆಗೆ ಈಗ ಉತ್ತರ ಕೊಡುತ್ತಿದ್ದೇನೆ. ನಮ್ಮ ಕಂಪ್ಯೂಟರಿಗೆ ನಾವು ಆರಿಸಿದ್ದು ಹಳೆಯದನ್ನೇ, ವೈರ್ ಇಲ್ಲದೆ. ಹುಡುಗಿಯ ಸಾಧು ವ್ಯವಸ್ಥೆಗೆ ಬಾಗಿಲು ಮುಚ್ಚಿಲ್ಲ. ಅವಳು ತನ್ನ ಸ್ನೇಹಿತೆಯ ಹಳೆಯ ಲ್ಯಾಪ್‌ಟಾಪೊಂದಕ್ಕೆ ಅದನ್ನು ಹಾಕಿಕೊಡುತ್ತಾಳಂತೆ. ಅದು ಬರುವ ತನಕ ನನ್ನ ಅಕ್ಕತಂಗಿಯರಿಗೆ ಕೈಯಲ್ಲೇ ಕಾಗದ ಬರೆಯುತ್ತಿದ್ದೇನೆ, ಅಂಚೆ ತಲುಪುವಷ್ಟರಲ್ಲಿ ಅವರ ಮಂಡಿನೋವು ವಾಸಿಯಾಗಿ ಮತ್ತೆ ಶುರುವಾಗಿರುತ್ತದೆ. ನಷ್ಟ ಇಲ್ಲವೆಂದು ಹೇಳಲಾರೆ. ಚಿಕ್ಕ ತಂಗಿ ಪ್ರತಿ ಸಂಜೆ ಕಳಿಸುತ್ತಿದ್ದ ಮೊಮ್ಮಗಳ ಚಿತ್ರಗಳನ್ನು ದೊಡ್ಡ ಪರದೆಯಲ್ಲಿ ನೋಡುವುದು ತಪ್ಪಿತು, ಫೋನಿನಲ್ಲಿ ಆ ಮಗು ಕಡಲೆಕಾಳಿನಷ್ಟು ಕಾಣುತ್ತದೆ.

ಕೊನೆಯದಾಗಿ ಕೆಲವು ಬಿನ್ನಹಗಳು. ತಾವು ಇನ್ನು ಬೇರೆ ಮನೆಗಳಿಗೆ ಹೋಗುವಾಗ ಮೊದಲು ಒಮ್ಮೆ ಕೆಮ್ಮಬೇಕು. ಮನೆಯೊಡತಿಯ ಎರಡು ಕೈಯೂ ಕೆಲಸದಲ್ಲಿದ್ದರೆ ಹಿಂದೆ ಸರಿದು, ತಮ್ಮ ಬೆಟ್ಟದ ಚಿತ್ರ ನೋಡುತ್ತ ಹಿತ್ತಿಲಲ್ಲಿ ಕೂತಿರಬೇಕು. 'ಮನೆಯಲ್ಲಿ ಕೇಳಿ ಹೇಳುತ್ತೇನೆ', 'ಇವತ್ತು ಮನಸ್ಸು ಸರಿಯಿಲ್ಲ', 'ಬೇಡ ಮಗಾ' ಎಂಬ ಗುಂಡಿಗಳನ್ನು ಸೇರಿಸಬೇಕು. ನಿವೃತ್ತ ಟೈಂಕೀಪರುಗಳಿರುವ ಮನೆಯಲ್ಲಿ ಸಮಯ ಕೇಳಲೇಬಾರದು. ಮತ್ತು ಅಷ್ಟೊಂದು ಹಳೆಯದನ್ನು ಹೊಸದು ಮಾಡಬಲ್ಲ ಶಕ್ತಿ ತಮಗೆ ನಿಜವಾಗಿಯೂ ಇದ್ದರೆ, ನನ್ನ ಬಲಮಂಡಿಯಿಂದ ಆರಂಭಿಸಬೇಕು. ಸಮಯ ತಾವೇ ಆರಿಸಿ, ನನ್ನ ಒಪ್ಪಿಗೆ ಈಗಲೇ ಇದೆ.

ಇಂತಿ, ಇಷ್ಟಾದ ಮೇಲೂ ತಮ್ಮ ವಿಶ್ವಾಸಿಯೇ ಆಗಿ ಉಳಿದಿರುವ,

ತಾವು 'ಬಳಕೆದಾರ' ಎಂದು ಕರೆಯುವ,
ಕಟಿಂಗ್ ಅಂಗಡಿಯವನ ಅಕ್ಕ

ತಾ.ಕ.: ಮೊನ್ನೆ ಕೃತಕ ಕಾಲು ಮಾಡಿಕೊಡುವವರು ತಮ್ಮನಿಗೆ ಹೊಸ ಮಾದರಿಯೊಂದನ್ನು ತೋರಿಸಿದರು. ಪಾದದಲ್ಲಿ ಬ್ಯಾಟರಿಯಂತೆ, ಫೋನಿನ ಜೊತೆ ಮಾತಾಡುತ್ತದಂತೆ, ಏರು ಇಳಿಜಾರನ್ನು ತಾನೇ ಅರಿಯುತ್ತದಂತೆ, ಕಾಲಕಾಲಕ್ಕೆ ಹೊಸ ಆವೃತ್ತಿಯೂ ಬರುತ್ತದಂತೆ. ಅವನು ಎಲ್ಲವನ್ನೂ ಗೌರವದಿಂದ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ: "ಸ್ವಾಮಿ, ನಾನು ಒಬ್ಬರ ಕುತ್ತಿಗೆ ಮೇಲೆ ಕತ್ತಿ ಇಟ್ಟಿರೋವಾಗ ಆ ಹೊಸ ಆವೃತ್ತಿ ಬಂದ್ರೆ, ಗಿರಾಕಿ ಯಾವ ಗುಂಡಿ ಒತ್ತಬೇಕು?" ಅವರು ಕೈಪಿಡಿಯನ್ನು ಮೊದಲ ಪುಟದಿಂದ ಮತ್ತೆ ತಿರುವತೊಡಗಿದರು. ಆ ಇಲಾಖೆಯಲ್ಲಿ ತಮ್ಮ ಬಂಧುಗಳು ಯಾರಾದರೂ ಇದ್ದರೆ ವಿಚಾರಿಸಿ ತಿಳಿಸಬೇಕು, ಅಂಚೆಯಲ್ಲಿ.